ಬ್ಲಾಂಶ್‌ವೊ ತೊಟ್ಟಿಲಲ್ಲಿ ಕಲ್ಲು

ಕಾಣೆಯಾದ ಮಗುವಿಗೆ ಎಡಗೈ ಇರಲಿಲ್ಲ.

2025ರ ಸೆಪ್ಟೆಂಬರ್ 5, ಶುಕ್ರವಾರ ಬೆಳಿಗ್ಗೆ 9.10ಕ್ಕೆ ಸಿಡ್ನಿಯ ಪ್ಯಾರಮಟ್ಟಾ ಠಾಣೆಗೆ ಬಂದ ಫೋನಿನಲ್ಲಿ ಹೇಳಿದ್ದು ಇಷ್ಟೇ: ತೊಟ್ಟಿಲಲ್ಲಿದ್ದ ಮಗು ಇಲ್ಲ, ಗಂಡು, ಎಡಗೈ ಇಲ್ಲ, ಬಿಳಿ ಬಟ್ಟೆ ಸುತ್ತಿತ್ತು. ಫೋನ್ ಎತ್ತಿದ ಕಾನ್‌ಸ್ಟೆಬಲ್ ಇಂಚರಾ ವಯಸ್ಸು ಕೇಳುವ ಮೊದಲೇ ಎರಡು ಕಾರು ಹೊರಡಿಸಿದಳು. 9.17ಕ್ಕೆ ಕಾರುಗಳು ಸೈರನ್ ಹೊಡೆದುಕೊಂಡು ನದಿ ದಂಡೆಯ ಓಲ್ಡ್ ಮಿಲ್ ಗ್ಯಾಲರಿಯ ಮುಂದೆ ನಿಂತವು. ಪಾರ್ಕಿನಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಮುದುಕರಿಬ್ಬರು ಹುಡುಕಲು ತಾವೂ ಬರುತ್ತೇವೆಂದು ಮುಂದೆ ಬಂದರು. 9.19ಕ್ಕೆ ಮಗುವಿನ ವಯಸ್ಸು ಗೊತ್ತಾಯಿತು. ಐನೂರ ಐವತ್ತು ವರ್ಷ, ಹೆಚ್ಚುಕಡಿಮೆ. ಮರದ್ದು.

"ಸೀರಿಯಸ್ಲೀ?" ಎಂದಳು ಇಂಚರಾ. ಅವಳು ಹುಟ್ಟಿದ್ದು ಬೆಳೆದದ್ದು ಸಿಡ್ನಿಯ ರೌಸ್ ಹಿಲ್‌ನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಇಂಗ್ಲಿಷೇ.

"ಸೈರನ್ ಆಫ್ ಮಾಡು ಮೊದಲು," ಎಂದ ಭುವನ್.

ಭುವನ್ ಡಿಟೆಕ್ಟಿವ್ ಸೀನಿಯರ್ ಕಾನ್‌ಸ್ಟೆಬಲ್. ಊರು ಮೂಡಬಿದ್ರೆ. ಓದಲು ಬಂದವನು ಮೂರು ವರ್ಷ ಶಾಪಿಂಗ್ ಮಾಲಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿ, ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕಿದ ಮೇಲೆ ಪೊಲೀಸ್ ಸೇರಿದ್ದ. ಅವನ ಅಪ್ಪ ಕೃಷ್ಣಪ್ಪ ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಈಗ ಮಗನ ಜೊತೆಗೇ ಇದ್ದರು. ಊರಿಗೆ ಫೋನ್ ಮಾಡಿದಾಗಲೆಲ್ಲ ಅವರು ಮಗನನ್ನು ಇನ್‌ಸ್ಪೆಕ್ಟರ್ ಮಾಡಿಬಿಡುತ್ತಿದ್ದರು. ಭುವನ್ ತಿದ್ದುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ದೂರು ಕೊಟ್ಟವಳು ಗ್ಯಾಲರಿಯ ರಿಜಿಸ್ಟ್ರಾರ್ ಅಶ್ವಿತಾ. ಒಳಗೆ ಬಂದ ಪ್ರತಿ ವಸ್ತುವಿನ ಸ್ಥಿತಿ ನೋಡಿ ಬರೆದಿಟ್ಟುಕೊಳ್ಳುವುದು, ಹೊರಗೆ ಹೋಗುವಾಗ ಅದೇ ಸ್ಥಿತಿಯಲ್ಲಿದೆಯೇ ಎಂದು ಅಳೆದು ನೋಡಿ ಸಹಿ ಹಾಕುವುದು ಅವಳ ಕೆಲಸ. ವಯಸ್ಸು ಇಪ್ಪತ್ತೊಂಬತ್ತು, ಉಡುಪಿಯವಳು. ಭುವನ್‌ನ ಹೆಸರಿನ ಪಟ್ಟಿ ಓದಿ ಒಂದು ಕ್ಷಣ ಮುಖ ಅರಳಿತು, ಆಮೇಲೆ ಮತ್ತೆ ಬಾಡಿತು.

"ಏನು ಹೋಗಿದೆ, ಮೊದಲಿಂದ ಹೇಳಿ."

ಅವಳು ಹೇಳಿದ್ದನ್ನು ಭುವನ್ ಹೀಗೆ ಬರೆದುಕೊಂಡ. ಫ್ರಾನ್ಸಿನಲ್ಲಿ ಬ್ಲಾಂಶ್‌ವೊ ಎಂಬ ಊರು. ಬಿಳಿ ಕಣಿವೆ ಎಂದು ಅರ್ಥ. ಅಲ್ಲಿ 1226ರಲ್ಲಿ ಒಬ್ಬ ವಿಧವೆ ಜಮೀನು ಕೊಟ್ಟು ಸಿಸ್ಟರ್ಶಿಯನ್ ಪಂಥದ ಸನ್ಯಾಸಿನಿಯರಿಗೆ ಮಠ ಕಟ್ಟಿಸಿದಳು. ಬಣ್ಣ ಹಾಕದ ಉಣ್ಣೆಯ ಬಟ್ಟೆ, ದಿನಕ್ಕೆ ಏಳು ಸಲ ಪ್ರಾರ್ಥನೆ, ಉಳಿದ ಹೊತ್ತು ತೋಟದ ಕೆಲಸ. ಮಾತು ನಿಷಿದ್ಧ. ಬ್ರೆಡ್ ಬೇಕಿದ್ದರೂ, ಬೀಗದ ಕೈ ಬೇಕಿದ್ದರೂ ಕೈಸನ್ನೆ. ಹದಿನೈದನೇ ಶತಮಾನದಲ್ಲಿ ಯಾರೋ ಅವರಿಗೊಂದು ಪುಟ್ಟ ತೊಟ್ಟಿಲು ಮಾಡಿಕೊಟ್ಟರು. ಅದರೊಳಗೆ ವಾಲ್‌ನಟ್ ಮರದ ಬಾಲಯೇಸು, ಒಂದು ಗೇಣುದ್ದ. ಕ್ರಿಸ್ಮಸ್ಸಿಗೆ ಸನ್ಯಾಸಿನಿಯರು ಸರದಿಯ ಮೇಲೆ ಅದನ್ನು ತೂಗುತ್ತಿದ್ದರು.

"ಸನ್ಯಾಸಿನಿಯರು ತೊಟ್ಟಿಲು ತೂಗುದಾ?"

"ಹೌದು ಸರ್. ಮಕ್ಕಳಿಲ್ಲದವರಿಗೆ ಒಂದು ಮಗು. ಮೂವತ್ತು ಜನ ಅಮ್ಮಂದಿರು."

"ಎಡಗೈ?"

"1792, ಸೆಪ್ಟೆಂಬರ್ 28. ಕ್ರಾಂತಿ ಸರ್ಕಾರ ಮಠಗಳನ್ನು ಖಾಲಿ ಮಾಡಿಸ್ತು. ಬಂದ ಸಿಪಾಯಿಗಳು ಬೆಳ್ಳಿ ಇರಬಹುದು ಅಂತ ತೊಟ್ಟಿಲು ಬೋರಲು ಹಾಕಿದ್ರು. ಮಗು ಕಲ್ಲುನೆಲಕ್ಕೆ ಬಿತ್ತು, ಕೈ ಮಣಿಕಟ್ಟಿನ ಹತ್ತಿರ ಮುರೀತು. ಕೊನೆಯ ಸನ್ಯಾಸಿನಿ ಮಗುವನ್ನು ಬ್ರೆಡ್ ಬುಟ್ಟಿಯಲ್ಲಿಟ್ಟುಕೊಂಡು ತಂಗಿ ಮನೆಗೆ ಹೋದಳು. ಮಠ ಉಣ್ಣೆ ಗಿರಣಿ ಆಯ್ತು, ಆಮೇಲೆ ದನದ ಕೊಟ್ಟಿಗೆ. ಐವತ್ತು ವರ್ಷದ ಹಿಂದೆ ಊರಿನವರೇ ಸೇರಿ ಸಗಣಿ ತೆಗೆದು ರಿಪೇರಿ ಮಾಡಿದ್ರು. ಈಗ ಸ್ಮಾರಕ."

"ಕೈ ಹಚ್ಚಲಿಲ್ಲವಾ?"

ಅವಳು ಅವನನ್ನು ಪಾಪದವನೆಂಬಂತೆ ನೋಡಿದಳು. "ಹಚ್ಚಲಿಕ್ಕಿಲ್ಲ ಸರ್. ಆ ಮುರಿದ ಜಾಗವೇ ದಾಖಲೆ. ಮಠ ಮುಚ್ಚಿದ ದಿನಕ್ಕೆ ಉಳಿದಿರುವ ಸಾಕ್ಷಿ ಅದೊಂದೇ."

ಪ್ರದರ್ಶನ ಬುಧವಾರ ಸೆಪ್ಟೆಂಬರ್ 3ರ ಸಂಜೆ ಮುಗಿದಿತ್ತು. ಸೆಪ್ಟೆಂಬರ್ 9ರ ಮಂಗಳವಾರ ಲಾರಿಯಲ್ಲಿ ಎಲ್ಲ ಸಾಮಾನು ಮೆಲ್ಬರ್ನ್‌ಗೆ ಹೋಗಬೇಕಿತ್ತು, ಅಲ್ಲಿ ಮುಂದಿನ ಪ್ರದರ್ಶನ. ಬುಧವಾರ 5.15ಕ್ಕೆ ಅಶ್ವಿತಾಳೇ ಮಗುವನ್ನು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದ್ದಳು. ತಪಾಸಣೆ ಸೋಮವಾರಕ್ಕೆ ನಿಗದಿಯಾಗಿತ್ತು. ಮೆಲ್ಬರ್ನಿನವರು ಫೋಟೊ ಬೇಗ ಕೇಳಿದ್ದರಿಂದ ಶುಕ್ರವಾರವೇ ಬಟ್ಟೆ ಬಿಚ್ಚಿದಳು. ಒಳಗೆ ಮಗುವಿರಲಿಲ್ಲ, ಕಲ್ಲಿತ್ತು.

ಕಲ್ಲು ಮೇಜಿನ ಮೇಲಿತ್ತು. ಕಪ್ಪು, ಉರುಟು, ಒಂದು ಗೇಣಿಗೆ ಸ್ವಲ್ಪ ಕಡಿಮೆ, ಒಂದು ತುದಿ ದಪ್ಪ. ಅಲ್ಲಲ್ಲಿ ಹಳದಿ ಪುಡಿ ಅಂಟಿತ್ತು. ಕುಟ್ಟಾಣಿಯ ಗುಂಡು ಎಂದು ಭುವನ್‌ಗೆ ನೋಡಿದೊಡನೆ ಗೊತ್ತಾಯಿತು. ಇಂಚರಾ ಮೂಸಿ, "ಟರ್ಮರಿಕ್?" ಎಂದಳು. ಅರಸಿನವೆಂದೇ ಭುವನ್ ಬರೆದುಕೊಂಡ. ನಮ್ಮವರ ಅಡುಗೆಮನೆಯ ಕಲ್ಲಿನ ಮೇಲೆ ಹಳದಿ ಪುಡಿ ಇನ್ನೇನಿರುತ್ತದೆ?

ಗ್ಯಾಲರಿಯ ಡೈರೆಕ್ಟರ್ ಹೊರಗೆ ಕಾಯುತ್ತಿದ್ದ. ಮಂಗಳವಾರದೊಳಗೆ ಮಗು ಸಿಗದಿದ್ದರೆ ಫ್ರಾನ್ಸಿನವರು ಪೂರ್ತಿ ಪ್ರದರ್ಶನ ವಾಪಸ್ ಕರೆಸಿಕೊಳ್ಳುತ್ತಾರೆ ಎಂದ. ಕೊನೆಗೆ ಮಗುವನ್ನು ಮುಟ್ಟಿದ್ದು ಅಶ್ವಿತಾ, ಹಾಗಾಗಿ ಇವತ್ತಿನಿಂದ ಅವಳು ಮನೆಯಲ್ಲಿರಲಿ, ಮಂಗಳವಾರ ಅವಳ ಕೆಲಸದ ಬಗ್ಗೆ ತೀರ್ಮಾನ ಮಾಡುತ್ತೇನೆ ಎಂದೂ ಹೇಳಿದ. ಅವಳ ವೀಸಾ ಇದ್ದದ್ದು ಇದೇ ಗ್ಯಾಲರಿಯ ಸ್ಪಾನ್ಸರ್ ಮೇಲೆ. ಪಿಆರ್ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು.

"ಕೆಲಸ ಹೋದ್ರೆ ವೀಸಾ ಹೋಗ್ತದೆ, ವೀಸಾ ಹೋದ್ರೆ ಅರ್ಜಿ ಹೋಗ್ತದೆ," ಎಂದಳು ಅಶ್ವಿತಾ, ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತ. "ಮಂಗಳವಾರದೊಳಗೆ ಹುಡುಕಿ ಸರ್. ಇಲ್ಲದಿದ್ರೆ ನಾನು ಉಡುಪಿಯಲ್ಲಿ ಕೂತು ಪೇಪರಲ್ಲಿ ಓದ್ಬೇಕು."

ಠಾಣೆಯಲ್ಲಿ ಸಾರ್ಜೆಂಟ್‌ಗೆ ಕಲ್ಲು ಬಹಳ ಹಿಡಿಸಿತು. ಸಿನಿಮಾಗಳಲ್ಲಿರುವ ಹಾಗೆ ತೂಕ ಕಡಿಮೆಯಾದರೆ ಕೂಗುವ ಯಂತ್ರವಿರಬೇಕು, ಅದನ್ನು ಮೋಸ ಮಾಡಲು ಕಳ್ಳ ಕಲ್ಲಿಟ್ಟಿದ್ದಾನೆ ಎಂದ. ತೊಟ್ಟಿಲಿಗೆ ಅಂಥ ಯಂತ್ರವೇ ಇಲ್ಲ, ಆ ಕೋಣೆಯಲ್ಲಿ ಕ್ಯಾಮೆರಾವೂ ಇಲ್ಲ ಎಂದು ಭುವನ್ ಹೇಳಿದ. ಸಾರ್ಜೆಂಟ್ ಬೇಸರಪಟ್ಟುಕೊಂಡು ಕಾಫಿಗೆ ಹೋದ.

ಕೇಸಿನ ವಿಷಯ ಮನೆಯಲ್ಲಿ ಮಾತಾಡಬಾರದೆಂಬ ನಿಯಮವಿದೆ. ಸಿಡ್ನಿಯ ಗಿರಾವೀನ್‌ನಲ್ಲಿದ್ದ ಭುವನ್‌ನ ಮನೆಯಲ್ಲಿ ಅದು ಒಂದು ದಿನವೂ ಪಾಲನೆಯಾದದ್ದಿಲ್ಲ. ಸಂಜೆ ಆರಕ್ಕೆ ಭುವನ್ ಚಪ್ಪಲಿ ಬಿಡುವಾಗಲೇ ಕೃಷ್ಣಪ್ಪ ಶುರು ಮಾಡಿದರು.

"ಎಫ್‌ಐಆರ್ ಆಯ್ತಾ?"

"ಇಲ್ಲಿ ಎಫ್‌ಐಆರ್ ಇಲ್ಲಪ್ಪ. ಇವೆಂಟ್ ನಂಬರ್ ಅಂತ ಕೊಡ್ತಾರೆ."

"ಪಂಚನಾಮೆ?"

"ಎಲ್ಲ ಬಾಡಿ ಕ್ಯಾಮೆರಾದಲ್ಲಿ ರೆಕಾರ್ಡ್ ಆಗ್ತದೆ."

"ಕ್ಯಾಮೆರಾ ಸಹಿ ಹಾಕ್ತದಾ? ಇಬ್ಬರು ಪಂಚರು ಬೇಡ್ವಾ? ನಾಳೆ ಕೋರ್ಟಲ್ಲಿ ಕ್ಯಾಮೆರಾ ಬಂದು ಕಟಕಟೆ ಹತ್ತುದಾ?" ಕೃಷ್ಣಪ್ಪ ತಲೆಯಾಡಿಸಿದರು. "ಎಂತ ಹೋಗಿದ್ದು?"

"ಒಂದು ಹಳೆ ಕಾನ್ವೆಂಟಿನ ತೊಟ್ಟಿಲಿಂದ ಮರದ ಮಗು."

"ಕಾನ್ವೆಂಟಲ್ಲಿ ತೊಟ್ಟಿಲು ಯಾಕೆ ಮಾರಾಯ? ಎಲ್‌ಕೆಜಿ ಅಲ್ವಾ ಅಲ್ಲಿ ಶುರು?"

ಭುವನ್ ಶಾಲೆಗೂ ಮಠಕ್ಕೂ ಇರುವ ವ್ಯತ್ಯಾಸ ಹೇಳಿದ. ಸಿಪಾಯಿಗಳ ಕತೆ ಹೇಳಿದ. ಕೊನೆಗೆ ಕಲ್ಲಿನ ವಿಷಯ ಹೇಳಿದ. ಅಡುಗೆಮನೆಯಲ್ಲಿ ನೀರುದೋಸೆ ಎಬ್ಬುತ್ತಿದ್ದ ತಾಯಿ ಅಕ್ಕು ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದರು.

"ಕಲ್ಲಿಗೆ ಬಟ್ಟೆ ಸುತ್ತಿತ್ತಾ?"

"ಹ್ಞೂಂ."

"ತಲೆ ಎತ್ತ ಕಡೆ ಇತ್ತು?"

"ಕಲ್ಲಿಗೆ ತಲೆ ಎಲ್ಲಿ ಅಮ್ಮಾ?"

"ದಪ್ಪ ಇರುದು ತಲೆ."

ಭುವನ್ ಫೋಟೊ ತೆಗೆದು ನೋಡಿದ. ದಪ್ಪ ತುದಿ ದಿಂಬಿನ ಮೇಲಿತ್ತು.

"ಮತ್ತೆಂತ!" ಎಂದರು ಅಕ್ಕು. "ತೊಟ್ಟಿಲು ಶಾಸ್ತ್ರಕ್ಕೆ ಮೊದಲು ಗುಂಡುಕಲ್ಲು ಮಲಗಿಸುದು, ಆಮೇಲೆ ಮಗು. ತೊಟ್ಟಿಲು ಖಾಲಿ ಬಿಡ್ಲಿಕ್ಕುಂಟಾ? ನಿನ್ನ ತೊಟ್ಟಿಲಿಗೂ ಕಲ್ಲು ಹಾಕಿದ್ದೆ. ಆವಾಗ ಕಲ್ಲು ನಿನಗಿಂತ ಚಂದ ಇತ್ತು."

ಭುವನ್ ನಗಲಿಲ್ಲ. ಕಳ್ಳ ಯಾರನ್ನೂ ಮೋಸ ಮಾಡಲು ಕಲ್ಲಿಟ್ಟಿರಲಿಲ್ಲ. ಮಗು ಎತ್ತಿಕೊಂಡ ಮೇಲೆ ತೊಟ್ಟಿಲು ಖಾಲಿ ಬಿಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಇದು ಫ್ರೆಂಚರ ಕೆಲಸವಲ್ಲ, ಆಸ್ಟ್ರೇಲಿಯದವರದ್ದೂ ಅಲ್ಲ. ನಮ್ಮ ಕಡೆಯವರದ್ದು. ಭುವನ್ ನೋಡಿದ ಮಟ್ಟಿಗೆ ಆ ಗ್ಯಾಲರಿಯಲ್ಲಿ ನಮ್ಮ ಕಡೆಯವಳು ಒಬ್ಬಳೇ.

"ದೋಸೆ ತಣ್ಣಗಾಗ್ತದೆ," ಎಂದರು ಅಕ್ಕು.

ಸೆಪ್ಟೆಂಬರ್ 6, ಶನಿವಾರ ಬೆಳಿಗ್ಗೆ 10ಕ್ಕೆ ಅಶ್ವಿತಾ ಠಾಣೆಗೆ ಬಂದಳು. ಭುವನ್ ರೆಕಾರ್ಡರ್ ಒತ್ತಿದ.

"ತೊಟ್ಟಿಲಿಗೆ ಮೊದಲು ಕಲ್ಲು ಹಾಕುವ ಶಾಸ್ತ್ರ ಗೊತ್ತುಂಟಾ?"

"ಗೊತ್ತುಂಟು. ನಿನ್ನೆ ಕಲ್ಲು ನೋಡಿದಾಗಲೇ ಗೊತ್ತಾಯ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಮೇಲೇ ಬರ್ತದೆ. ಈಗ ಬಂತಲ್ಲ."

"ಮನೆಯಲ್ಲಿ ಕುಟ್ಟಾಣಿ ಉಂಟಾ?"

"ಇಲ್ಲ. ಮಿಕ್ಸಿ ಉಂಟು. ನಾನು ಮಾಡುದು ಮ್ಯಾಗಿ."

"ಕಲ್ಲಿನ ಮೇಲೆ ಅರಸಿನ ಇತ್ತು."

"ಅರಸಿನ ಅಂತ ಯಾರು ಹೇಳಿದ್ದು?" ಈಗ ಅವಳ ದನಿ ಗಟ್ಟಿಯಾಯಿತು. "ಹಳದಿ ಇದ್ದದ್ದೆಲ್ಲ ಅರಸಿನವಾ ಸರ್? ಸೋಪು ನೀರು ಹಾಕಿ ನೋಡಿದ್ರಾ? ಅರಸಿನ ಆದ್ರೆ ಕೆಂಪಾಗ್ತದೆ. ಬಿಳಿ ಅಂಗಿಗೆ ಸಾರು ಚೆಲ್ಲಿ ಸೋಪು ಹಚ್ಚಿದವರಿಗೆಲ್ಲ ಗೊತ್ತಿರುವ ವಿಷಯ."

ಭುವನ್‌ಗೂ ಗೊತ್ತಿತ್ತು. ನೆನಪಾಗಿರಲಿಲ್ಲ ಅಷ್ಟೇ. 11.20ಕ್ಕೆ ಅವನು ಲ್ಯಾಬಿನವರನ್ನು ಕೇಳಿಕೊಂಡ. ಅವರು ನಗುತ್ತಲೇ ಕಲ್ಲಿನಿಂದ ತೆಗೆದಿಟ್ಟಿದ್ದ ಹುಡಿಗೆ ಒಂದು ಹನಿ ಸೋಪು ನೀರು ಹಾಕಿದರು. ಹಳದಿ ಹಳದಿಯಾಗೇ ಉಳಿಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಮರದ ಹುಡಿ.

ಹಳದಿ ಹುಡಿ ಬೀಳುವ ಮರ ಯಾವುದೆಂದು ಭುವನ್ ಯಾರನ್ನೂ ಕೇಳಬೇಕಿರಲಿಲ್ಲ. ಮೂಡಬಿದ್ರೆಯಲ್ಲಿ ಅವರ ಮನೆಯ ಹತ್ತಿರವೇ ಮದ್ದಳೆ ಮಾಡುವವರ ಅಂಗಡಿಯಿತ್ತು. ಹಲಸು. ಮದ್ದಳೆ, ವೀಣೆ, ದೇವರ ಪೀಠ, ಚರ್ಚಿನ ಮೂರ್ತಿ, ಎಲ್ಲಕ್ಕೂ ಹಲಸು.

ಅವನು ಇಂಚರಾಳ ಕೈಯಿಂದ ಬುಧವಾರದ ಪಟ್ಟಿ ಕೇಳಿ ಪಡೆದ. ಆ ಸಂಜೆ ಒಳಗಿದ್ದವರು ಆರು ಜನ. ಡೈರೆಕ್ಟರ್, ಅಶ್ವಿತಾ, ಕ್ಲೀನಿಂಗಿಗೆ ಬರುವ ಇಬ್ಬರು ನೇಪಾಳಿ ವಿದ್ಯಾರ್ಥಿಗಳು, ಎಲೆಕ್ಟ್ರಿಷಿಯನ್. ಆರನೆಯ ಹೆಸರಿನ ಜಾಗದಲ್ಲಿ ಇಂಚರಾ, "ಪ್ಯಾಕಿಂಗ್ ಕಾಂಟ್ರಾಕ್ಟರ್, ಮೆಲ್ಬರ್ನ್, ಪೋರ್ಚುಗೀಸ್" ಎಂದಷ್ಟೇ ಟೈಪ್ ಮಾಡಿದ್ದಳು.

"ಹೆಸರೇನು ಇವನದ್ದು?"

"ಪಿ. ಲೋಬೊ."

"ಪೋರ್ಚುಗೀಸ್ ಅಂತ ಅವನು ಹೇಳಿದ್ನಾ?"

"ನೋ... ಬಟ್, ಲೋಬೊ?"

ಭುವನ್ ಎರಡು ದಿನದಲ್ಲಿ ಮೊದಲ ಸಲ ನಕ್ಕ. "ಕಿನ್ನಿಗೋಳಿ ಪೇಟೆಯಲ್ಲಿ ನಿಂತು ಲೋಬೊ ಅಂತ ಕೂಗು, ಅರ್ಧ ಬಸ್ ಇಳೀತದೆ. ಮಂಗಳೂರು ಕಡೆ ಕ್ಯಾಥೊಲಿಕ್ಕರು ಮಾರಾಯ್ತಿ. ನಮ್ಮವನೇ!"

ಕಂಪನಿಗೆ ಫೋನ್ ಮಾಡಿದರು. ಪ್ಯಾಟ್ರಿಕ್ ಲೋಬೊ, ವಯಸ್ಸು ಐವತ್ತೆಂಟು, ಮೆಲ್ಬರ್ನಿನ ಕ್ರೇಗಿಬರ್ನ್ ನಿವಾಸಿ. ಮ್ಯೂಸಿಯಂ ಸಾಮಾನುಗಳಿಗೆ ಮರದ ಪೆಟ್ಟಿಗೆ ಮಾಡುವುದು, ಒಳಗೆ ಸ್ಪಂಜು ಕೊರೆದು ಕೂರಿಸುವುದು ಕೆಲಸ. ಆಗಸ್ಟಿನಲ್ಲೊಮ್ಮೆ ಬಂದು ಎಲ್ಲ ವಸ್ತುಗಳ ಅಳತೆ ತೆಗೆದುಕೊಂಡು ಹೋಗಿದ್ದ. ಬುಧವಾರ 6ರಿಂದ 6.50ರವರೆಗೆ ತೊಟ್ಟಿಲಿನ ಪೆಟ್ಟಿಗೆ ಹೊಂದಿಸಿ ನೋಡಿದ್ದ. ಸೋಮವಾರ ರಜೆ ಹಾಕಿದ್ದಾನೆ, ಮಂಗಳವಾರ ಬೆಳಿಗ್ಗೆ ಲಾರಿಯ ಜೊತೆ ಸಿಡ್ನಿಗೆ ಬರುತ್ತಾನೆ. ಅದಕ್ಕೂ ಮೊದಲು ಏನು ಮಾಡುತ್ತಿದ್ದನೆಂದು ಭುವನ್ ಕೇಳಿದ. ಇಂಡಿಯಾದಲ್ಲಿ ಚರ್ಚಿನ ಮೂರ್ತಿಗಳನ್ನು ಕೆತ್ತುತ್ತಿದ್ದನಂತೆ ಎಂದರು.

ಭಾನುವಾರ ಸೆಪ್ಟೆಂಬರ್ 7ರಂದು ಭುವನ್ ಮತ್ತು ಇಂಚರಾ ಕಲ್ಲಿನ ಫೋಟೊ ಹಿಡಿದು ಪ್ಯಾರಮಟ್ಟಾ ಪಕ್ಕದ ಹ್ಯಾರಿಸ್ ಪಾರ್ಕ್ ಬಡಾವಣೆಯ ಇಂಡಿಯನ್ ಅಂಗಡಿಗಳನ್ನು ಸುತ್ತಿದರು. ಮೂರನೆಯ ಅಂಗಡಿಯಲ್ಲಿ ಅದೇ ಕಲ್ಲಿನ ಕುಟ್ಟಾಣಿಗಳು ಸಾಲಾಗಿ ಕೂತಿದ್ದವು. ಬುಧವಾರ 5.40ಕ್ಕೆ ಒಂದು ಹೋಗಿತ್ತು, ಕಾರ್ಡಿನ ಮೇಲೆ ಹೆಸರು ಪಿ. ಲೋಬೊ. ಅಂಗಡಿಯವನು ಹಿಂದಿಯಲ್ಲಿ, ಆ ಮನುಷ್ಯ ಕುಟ್ಟಾಣಿ ಕೊಳ್ಳುವಾಗ ಹೆಂಡತಿಗೆ ವಿಡಿಯೊ ಕಾಲ್ ಮಾಡಿ ನಾಲ್ಕು ತೋರಿಸಿದ, ನಾಲ್ಕಕ್ಕೂ ಬೈಸಿಕೊಂಡ, ಐದನೆಯದನ್ನು ಕೊಂಡ ಎಂದು ಹೇಳಿದ. ಸಾಕ್ಷಿ ಹೇಳಲು ಕರೆದರೆ ಬರುತ್ತೀರಾ ಎಂದರೆ, ಟೀವಿಯಲ್ಲಿ ಬರುತ್ತದೆಯೇ ಎಂದು ಕೇಳಿದ.

ಸೋಮವಾರ ಸೆಪ್ಟೆಂಬರ್ 8, ಮಧ್ಯಾಹ್ನ 12.40. ಕ್ರೇಗಿಬರ್ನ್‌ನಲ್ಲಿ ಪ್ಯಾಟ್ರಿಕ್‌ನ ಮನೆಯ ಮುಂದೆ ಒಂಬತ್ತು ಕಾರು ನಿಂತಿದ್ದವು. ಬಾಗಿಲಿಗೆ ಹೂವಿನಂಗಡಿಯ ಒಣ ಗೋಧಿ ತೆನೆ ಕಟ್ಟಿತ್ತು. ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಭತ್ತದ ತೆನೆ ಸಿಗದ ಊರಿನಲ್ಲಿ ಗೋಧಿ ತೆನೆಯೂ ನಡೆಯುತ್ತದೆ. ಭುವನ್ ಜೊತೆ ಸ್ಥಳೀಯ ಠಾಣೆಯ ಕಾನ್‌ಸ್ಟೆಬಲ್ ಒಬ್ಬನಿದ್ದ, ಎತ್ತರದ ಆಳು, ಹೆಸರಿನಲ್ಲಿ ಗ್ರೀಕ್ ಅಕ್ಷರಗಳೇ ಜಾಸ್ತಿ. ವಾರಂಟ್ ಇದ್ದದ್ದು ಅವನ ಹತ್ತಿರ.

ಬಾಗಿಲು ತೆರೆದವರು ಪ್ಯಾಟ್ರಿಕ್‌ನ ಹೆಂಡತಿ ಲೂರ್ಡ್ಸ್. ಕೈಯಲ್ಲಿ ಲಟ್ಟಣಿಗೆ ಇತ್ತು, ಸೆರಗಿನ ಮೇಲೆ ಕರಿಮೆಣಸಿನ ಹುಡಿ.

"ಬನ್ನಿ ಬನ್ನಿ, ಯಾರು, ನಮ್ಮ ಮಗ ಜೋಯ್ಸನ್ ಫ್ರೆಂಡ್ಸಾ? ಎಲೆ ಹಾಕ್ತಾ ಇದ್ದೇವೆ."

"ಪೊಲೀಸ್, ಆಂಟಿ."

"ಓ. ಪಾರ್ಕಿಂಗ್ ವಿಷಯವಾ? ಪಕ್ಕದ ಮನೆಯವನು ಕಂಪ್ಲೇಂಟ್ ಕೊಟ್ನಾ?"

"ಅಲ್ಲ. ಪ್ಯಾಟ್ರಿಕ್ ಅಂಕಲ್ ಇದ್ದಾರಾ?"

ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಕಲ್ಲಿನ ಕುಟ್ಟಾಣಿ ಕೂತಿತ್ತು, ಗುಂಡಿರಲಿಲ್ಲ. ಒಳಗೆ ಅರ್ಧ ಜಜ್ಜಿದ ಮೆಣಸು. ಭುವನ್ ನೋಡುತ್ತಿರುವುದನ್ನು ಲೂರ್ಡ್ಸ್ ಗಮನಿಸಿದರು.

"ನೋಡಿ ಮಾರಾಯ್ರೆ! ಎರಡು ವರ್ಷದಿಂದ ಒಂದು ಕುಟ್ಟಾಣಿ ತನ್ನಿ ಅಂತ ಬಡ್ಕೊಳ್ತಾ ಇದ್ದೆ. ಸಿಡ್ನಿಯಿಂದ ತಂದ್ರು. ಗುಂಡು ಎಲ್ಲಿ ಕೇಳಿದ್ರೆ ಮರ್ತುಹೋಯ್ತು ಅಂತೆ. ಯಾರಾದ್ರೂ ಅರ್ಧ ಕುಟ್ಟಾಣಿ ತರ್ತಾರಾ?"

"ಗುಂಡು ನನ್ನ ಹತ್ರ ಉಂಟು ಆಂಟಿ," ಎಂದ ಭುವನ್.

ಲೂರ್ಡ್ಸ್ ಲಟ್ಟಣಿಗೆಯನ್ನು ನಿಧಾನವಾಗಿ ಕೆಳಗಿಟ್ಟರು. ಆಮೇಲೆ ಗ್ಯಾರೇಜಿನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ, "ಪಾಟ್ರಿಕ್! ಎಂತ ಮಾಡಿ ಬಂದದ್ದು ನೀವು?" ಎಂದರು.

ಪ್ಯಾಟ್ರಿಕ್ ಗ್ಯಾರೇಜಿನಲ್ಲಿದ್ದ. ಹಬ್ಬದ ಬಿಳಿ ಅಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಬೆಂಚಿನ ಮೇಲೆ ಮಡಚಿದ ಟವೆಲ್, ಟವೆಲಿನ ಮೇಲೆ ಮಗು. ಮಗುವಿಗೆ ಎರಡು ಕೈ ಇದ್ದವು.

ಭುವನ್ ಹತ್ತಿರ ಹೋಗಿ ಬಗ್ಗಿ ನೋಡಿದ. ಎಡಗೈ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಐದು ಬೆರಳು, ಪ್ರತಿ ಬೆರಳಿಗೂ ಉಗುರು. ಬಣ್ಣ ಕೂಡಿಸಿದ್ದರಿಂದ ಯಾವುದು ಹಳೆಯ ಮರ, ಯಾವುದು ಹೊಸದು ಎಂದು ಹೇಳಲಾಗುತ್ತಿರಲಿಲ್ಲ.

"ನಾಳೆ ವಾಪಸ್ ಇಡ್ತಿದ್ದೆ ಸರ್," ಎಂದ ಪ್ಯಾಟ್ರಿಕ್. "ಲಾರಿಯಲ್ಲಿ ಬರುದು ನಾನೇ ಅಲ್ವಾ. ಯಾರಿಗೂ ಗೊತ್ತಾಗ್ಲಿಕ್ಕಿರಲಿಲ್ಲ."

"ನಾನು ಕೇಳುವ ಮೊದಲು ಏನೂ ಹೇಳ್ಬೇಡಿ. ನೀವು ಹೇಳಿದ್ದೆಲ್ಲ ಕೋರ್ಟಿಗೆ ಹೋಗ್ತದೆ. ಲಾಯರ್ ಬೇಕಿದ್ರೆ ಕೇಳಬಹುದು."

"ಲಾಯರ್ ಎಂತಕ್ಕೆ? ತೆಗೆದದ್ದು ನಾನೇ."

"ಯಾವಾಗ?"

"ಬುಧವಾರ. ಆರೂವರೆ."

"ಕಲ್ಲು ಯಾಕೆ ಇಟ್ರಿ?"

"ತೊಟ್ಟಿಲು ಖಾಲಿ ಬಿಡ್ತಾರಾ ಸರ್? ಕ್ರಿಶ್ಚನ್ ಆದ್ರೇನು, ನಮ್ಮ ಅಜ್ಜಿಯೂ ಬಿಡ್ತಿರಲಿಲ್ಲ."

"ಕಲ್ಲಿನ ಮೇಲೆ ಹಲಸಿನ ಹುಡಿ ಇತ್ತು."

"ಓ." ಪ್ಯಾಟ್ರಿಕ್ ತನ್ನ ಕೈ ನೋಡಿಕೊಂಡ. "ಮುರಿದ ಕೊಡತಿಯ ಹಿಡಿ ಒಂದಿತ್ತು, ಊರಿಂದ ತಂದದ್ದು. ಬಣ್ಣ ಹೊಂದ್ತದಾ ನೋಡುವ ಅಂತ ಅಲ್ಲೇ ಸ್ವಲ್ಪ ಕೆರೆದಿದ್ದೆ. ಕೈ ಒರೆಸಿಕೊಳ್ಳದೆ ಕಲ್ಲು ಸುತ್ತಿದೆ."

"ಯಾಕೆ ತೆಗೆದದ್ದು? ಮಾರ್ಲಿಕ್ಕಾ?"

"ಛೆ!" ಮೊದಲ ಸಲ ಅವನಿಗೆ ಸಿಟ್ಟು ಬಂತು. "ತೊಟ್ಟಿಲಿನ ಪಕ್ಕದ ಬೋರ್ಡಲ್ಲಿ ಬರೆದಿದ್ದು ಓದಿದ್ದೀರಾ ನೀವು? ಆ ಮಠದಲ್ಲಿ ಮಾತಿಲ್ಲ. ಎಲ್ಲ ಕೈಯಲ್ಲೇ. ಮತ್ತೆ ಮಗುವಿಗೆ ಒಂದು ಕೈ ಇಲ್ಲ ಅಂದ್ರೆ ಎಂತ ಅರ್ಥ? ಅರ್ಧ ಮೂಕ. ಇಷ್ಟು ವರ್ಷದಿಂದ ಒಬ್ಬನಿಗೂ ಒಂದು ಕೈ ಮಾಡಿ ಹಚ್ಚುವ ಅಂತ ಆಗ್ಲಿಲ್ಲ. ನನಗೆ ಬರ್ತದೆ ಸರ್ ಆ ಕೆಲಸ. ಕಿನ್ನಿಗೋಳಿಯಲ್ಲಿ ಹದಿನಾರು ವರ್ಷ ಮಾಡಿದ್ದು ಅದನ್ನೇ. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು, ಬೇರೆಯವರ ಮೂರ್ತಿಗೆ ಪೆಟ್ಟಿಗೆ ಮಾಡಿದೆ. ಪೆಟ್ಟಿಗೆ!"

ಗ್ರೀಕ್ ಹೆಸರಿನ ಕಾನ್‌ಸ್ಟೆಬಲ್‌ಗೆ ಒಂದು ಶಬ್ದವೂ ಅರ್ಥವಾಗಿರಲಿಲ್ಲ. ಅವನು ಬಗ್ಗಿ ಮಗುವಿನ ಕೈ ನೋಡಿ, ಮೆಲ್ಲಗೆ ಸಿಳ್ಳೆ ಹಾಕಿದ.

"ಹೇಗೆ ಹಚ್ಚಿದ್ದು?" ಎಂದು ಭುವನ್ ಕೇಳಿದ.

"ಸಣ್ಣ ಮರದ ಮೊಳೆ. ಗೋಂದು ಹಾಕಿಲ್ಲ, ಎಳೆದ್ರೆ ಬರ್ತದೆ. ಮಣಿಕಟ್ಟಿನ ತುದಿ ಮಾತ್ರ ಒಡ್ಡೊಡ್ಡಾಗಿತ್ತು, ಅದನ್ನು ಸಮ ಮಾಡಿದೆ. ಇಲ್ಲದಿದ್ರೆ ಕೈ ಕೂರುದಿಲ್ಲ."

"ಸಮ ಮಾಡಿದ್ರಾ?"

"ಉಜ್ಜಿದೆ. ಸ್ವಲ್ಪ."

"ಉಜ್ಜಿದ ಹುಡಿ?"

"ಗುಡಿಸಿ ಬಿನ್ನಿಗೆ ಹಾಕಿದೆ. ಇವತ್ತು ಸೋಮವಾರ ಅಲ್ವಾ, ಬೆಳಿಗ್ಗೆ ಕೌನ್ಸಿಲ್ ಲಾರಿ ಬಂದು ಹೋಯ್ತು."

ಭುವನ್ ಅವನಿಗೆ 1792ರ ಸೆಪ್ಟೆಂಬರ್ 28ರ ಕತೆ ಹೇಳಿದ. ಸಿಪಾಯಿಗಳು, ಕಲ್ಲುನೆಲ, ಬ್ರೆಡ್ ಬುಟ್ಟಿ. ಮುರಿದ ಜಾಗವೇ ದಾಖಲೆ ಎಂದು ಅಶ್ವಿತಾ ಹೇಳಿದ್ದನ್ನೂ ಹೇಳಿದ. ಪ್ಯಾಟ್ರಿಕ್ ಕನ್ನಡಕ ತೆಗೆದ.

"ಅದು ಬೋರ್ಡಲ್ಲಿ ಇರ್ಲಿಲ್ಲ," ಎಂದ.

ಇರಲಿಲ್ಲ, ನಿಜ.

ಒಳಗಿನಿಂದ ಲೂರ್ಡ್ಸ್ ಬಂದು ಬಾಗಿಲಲ್ಲಿ ನಿಂತರು. ಅತ್ತಿರಲಿಲ್ಲ, ಕಣ್ಣು ಮಾತ್ರ ಕೆಂಪಾಗಿತ್ತು. "ಕರ್ಕೊಂಡು ಹೋಗುದಾದ್ರೆ ಹೋಗಿ. ಆದ್ರೆ ಹಬ್ಬದ ದಿವಸ ಈ ಮನೆಯಿಂದ ಯಾರೂ ಉಣ್ಣದೆ ಹೋಗ್ಲಿಕ್ಕಿಲ್ಲ. ಅವರೂ, ನೀವೂ, ಆ ಉದ್ದದವನೂ."

"ಡ್ಯೂಟಿಯಲ್ಲಿದ್ದೇವೆ ಆಂಟಿ."

"ನಿಮ್ಮ ಡ್ಯೂಟಿ ಇಪ್ಪತ್ತು ನಿಮಿಷ ಕಾಯ್ತದೆ. ಮೀನು ಮಾಂಸ ಎಂತದ್ದೂ ಇಲ್ಲ ಇವತ್ತು, ಭಯ ಬೇಡ."

ಪಂಚನಾಮೆಗೆ ಸಹಿ ಹಾಕಲು ಇಬ್ಬರು ಪಂಚರು ಬೇಕೆಂದು ಭುವನ್‌ಗೆ ಅಪ್ಪನ ಮಾತು ನೆನಪಾಯಿತು. ಇಲ್ಲಿ ಇಪ್ಪತ್ತೇಳು ಜನರಿದ್ದರು. 1.05ಕ್ಕೆ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಸೀಲ್ ಮಾಡಿದರು. 1.10ಕ್ಕೆ ಪ್ಯಾಟ್ರಿಕ್‌ನನ್ನು ಬಂಧಿಸಲಾಯಿತು. 1.12ರಿಂದ 1.35ರವರೆಗೆ ಏನು ನಡೆಯಿತೆಂದು ಭುವನ್ ದಿನಚರಿಯಲ್ಲಿ ಬರೆಯಲಿಲ್ಲ. ಗ್ರೀಕ್ ಹೆಸರಿನ ಕಾನ್‌ಸ್ಟೆಬಲ್ ಪಾಯಸ ಎರಡು ಸಲ ಹಾಕಿಸಿಕೊಂಡ.

ಮಂಗಳವಾರ ಸೆಪ್ಟೆಂಬರ್ 9ರ ಬೆಳಿಗ್ಗೆ 9.30ಕ್ಕೆ ಅಶ್ವಿತಾ ಕ್ರೇಗಿಬರ್ನ್ ಠಾಣೆಗೆ ಬಂದಳು. ಡೈರೆಕ್ಟರ್ ಹಿಂದಿನ ಸಂಜೆಯೇ ಫೋನ್ ಮಾಡಿ, ಟಿಕೆಟ್ ಬುಕ್ ಮಾಡಿದ್ದೇನೆ, ಮಗುವನ್ನು ಗುರುತಿಸಿ ನೇರ ಮೆಲ್ಬರ್ನ್ ಗ್ಯಾಲರಿಗೆ ತಲುಪಿಸು ಎಂದಿದ್ದ. ಕ್ಷಮೆ ಕೇಳಲಿಲ್ಲ. ಸಂಬಳ ಹಿಡಿಯುವುದಿಲ್ಲ ಎಂದನಂತೆ.

ಅವಳು ಕೈಗವಸು ಹಾಕಿಕೊಂಡು ಮಗುವನ್ನು ಎತ್ತಿದಳು. ಹೊಸ ಕೈಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.

"ಅಬ್ಬಾ," ಎಂದಳು.

"ಚಂದ ಉಂಟಲ್ವಾ?"

"ಫ್ರಾನ್ಸಿನವರ ಹತ್ತಿರ ಇಂಥ ಕೆಲಸ ಮಾಡುವವರು ಈಗ ಇಬ್ಬರೋ ಮೂವರೋ. ಬೋರ್ಡಲ್ಲಿ ಮುರಿದ ಕತೆ ಇರ್ಲಿಲ್ಲ ಅಂದ್ರಾ ಅವರು?"

"ಹೌದು."

"ನಾನೇ ಬರೆದದ್ದು ಆ ಬೋರ್ಡ್. ನೂರಿಪ್ಪತ್ತು ಪದ ಅಂತ ಮಿತಿ ಇತ್ತು. ಕೈಸನ್ನೆಯ ಪ್ಯಾರಾ ಇಟ್ಟೆ, ಸಿಪಾಯಿಗಳದ್ದು ತೆಗೆದೆ." ಅವಳು ಕೈಯನ್ನು ಮೆಲ್ಲಗೆ ಎಳೆದಳು. ಅದು ಮೊಳೆಯ ಸಮೇತ ಸಲೀಸಾಗಿ ಬಂತು. ಕೆಳಗಿನ ಮಣಿಕಟ್ಟು ನಯವಾಗಿತ್ತು. ನಡುವೆ ಮೊಳೆಗೆ ಕೊರೆದ ಒಂದು ಚುಕ್ಕೆ.

ಮೇಜಿನ ಮೇಲೆ ಫ್ರಾನ್ಸಿನಿಂದ ಬಂದ ಮೊದಲ ವರದಿಯಿತ್ತು. ಅದರಲ್ಲಿ ಮಣಿಕಟ್ಟಿನ ಉದ್ದ ಹನ್ನೊಂದು ಮಿಲಿಮೀಟರ್.

ಭುವನ್ ಕಿಟಕಿಯ ಕಡೆ ನೋಡಿದ. ಹಾನಿಯಿಲ್ಲ ಎಂದು ಅವಳು ಬರೆದರೆ ಕೇಸ್ ಕಳವು ಮಾತ್ರ. ಸ್ವತ್ತು ಸಿಕ್ಕಿದೆ, ತಪ್ಪೊಪ್ಪಿಗೆಯಾಗಿದೆ, ಹಿಂದಿನ ಅಪರಾಧದ ದಾಖಲೆಯಿಲ್ಲ. ಪ್ಯಾಟ್ರಿಕ್‌ಗೆ ಎಚ್ಚರಿಕೆ ಕೊಟ್ಟು ಬಿಡುವ ಸಾಧ್ಯತೆಯಿತ್ತು. ಹಾನಿಯಾಗಿದೆ ಎಂದು ಬರೆದರೆ ಎರಡನೆಯ ಆರೋಪವೂ ಸೇರುತ್ತದೆ, ಕಂಪನಿ ಅವನನ್ನು ಇಟ್ಟುಕೊಳ್ಳುವುದಿಲ್ಲ. ಇದನ್ನು ಅವನು ಹೇಳಬಾರದಾಗಿತ್ತು, ಹೇಳಲೂ ಇಲ್ಲ. ಅವಳಿಗೇ ಗೊತ್ತಿತ್ತು.

ಅಶ್ವಿತಾ ಅಳತೆಪಟ್ಟಿ ಹಿಡಿದು ಮೂರು ಸಲ ಅಳೆದಳು.

"ಒಳ್ಳೆ ಮನುಷ್ಯ ಅಲ್ವಾ ಸರ್?"

"ಒಳ್ಳೆಯವರೇ. ಊಟ ಹಾಕಿದ್ರು."

"ಬರೆಯದೆ ಇದ್ರೆ ಈ ಕೆಲಸಕ್ಕೆ ನಾನು ಯಾಕೆ?" ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡು ಪೆನ್ ತೆಗೆದಳು.

ಎರಡು ಆರೋಪಗಳೂ ದಾಖಲಾದವು. ನವೆಂಬರಿನಲ್ಲಿ ಪ್ಯಾಟ್ರಿಕ್ ಎರಡನ್ನೂ ಒಪ್ಪಿಕೊಂಡ. ಜೈಲಾಗಲಿಲ್ಲ, ಕೆಲಸ ಹೋಯಿತು. ಮೆಲ್ಬರ್ನಿನ ಪ್ರದರ್ಶನ ಮುಗಿದ ಮೇಲೆ ಹೊಸ ಕೈಯನ್ನು ಬೇರೆ ಡಬ್ಬಿಯಲ್ಲಿಟ್ಟು ಮಗುವಿನ ಜೊತೆಗೇ ಫ್ರಾನ್ಸಿಗೆ ಕಳಿಸಿದರು. ಡಬ್ಬಿಯ ಮೇಲೆ ಕೆತ್ತಿದವನ ಹೆಸರು, ಊರು ಬರೆದದ್ದು ಅಶ್ವಿತಾ. ಯಾಕೆ ಮಾಡಿದಿರಿ ಎಂಬ ಪ್ರಶ್ನೆಗೆ ಪ್ಯಾಟ್ರಿಕ್ ಕೊಟ್ಟ ಉತ್ತರವನ್ನು ಭುವನ್ ಕಡತದಲ್ಲಿ ಇದ್ದ ಹಾಗೆಯೇ ಬರೆದ: ನನಗೆ ಬರುವ ಕೆಲಸ ಅದೊಂದೇ, ಯಾರೂ ಕೇಳಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಅಶ್ವಿತಾ ಸಹಿ ಹಾಕಿದ ವರದಿ, ಶುಕ್ರವಾರ ಗ್ಯಾಲರಿಯಲ್ಲಿ ನೋಡಿ ಬರೆದದ್ದೂ ಸೇರಿ, ಒಂದೇ ಪುಟದ್ದು. ತೊಟ್ಟಿಲು, ಸರಿಯಿದೆ. ದಿಂಬು, ಸರಿಯಿದೆ. ಬಟ್ಟೆ, ಸರಿಯಿದೆ. ಮಗು, ದೊರೆತಿದೆ. ಎಡ ಮಣಿಕಟ್ಟು, ಮೊದಲು ಹನ್ನೊಂದು ಮಿಲಿಮೀಟರ್, ಈಗ ಒಂಬತ್ತು. ಕಳೆದದ್ದು ಎರಡು.